ಲಂಕೆಯಲ್ಲಿ ಮಡಿದ ಅಣ್ಣನ ಹೆಸರು ಎಲ್ಲಿದೆ?

ಪ್ರಶ್ನೆ: ನನ್ನ ದೊಡ್ಡಣ್ಣ ಸಿಪಾಯಿ. 1987ರಲ್ಲಿ ಶ್ರೀಲಂಕಾದಲ್ಲಿ ತೀರಿಕೊಂಡ. ಊರಲ್ಲಿ ಎಲ್ಲರಿಗೂ ಕಾರ್ಗಿಲ್ ಗೊತ್ತು, ಈ ಲಡಾಯಿ ಗೊತ್ತಿಲ್ಲ. ಅವನ ಹೆಸರು ಎಲ್ಲಾದರೂ ಕೆತ್ತಿದ್ದಾರಾ?
– ಓದುಗ ಸೋದರಿ, ಮುಂಡರಗಿ

ಉತ್ತರ: ತಂಗಿ, ಆಗ ನಾನೂ ಫೌಜಿನಲ್ಲಿದ್ದೆ, ಈಗ ಧಾರವಾಡದಲ್ಲಿದ್ದೇನೆ. ನಿಮ್ಮ ಪತ್ರ ಓದಿ ಸಂಕಟವಾಯಿತು. 1987ರ ಜುಲೈನಲ್ಲಿ ಭಾರತ-ಶ್ರೀಲಂಕಾ ನಡುವೆ ಒಪ್ಪಂದವಾಗಿ ನಮ್ಮ ಪಡೆ ಶಾಂತಿ ಕಾಯಲು ಹೋಯಿತು. ಅಕ್ಟೋಬರ್‌ನಲ್ಲಿ ಲಂಕೆಯ ಉತ್ತರದ ಜಾಫ್ನಾ ಪಟ್ಟಣಕ್ಕಾಗಿ, ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಸಶಸ್ತ್ರ ಗುಂಪು ಎಲ್‌ಟಿಟಿಇ ಜತೆ ಕಾದಾಡಬೇಕಾಯಿತು. ಅದೇ ಆಪರೇಷನ್ ಪವನ್. ಬಾಂಬು ಹುಗಿದ ದಾರಿಗಳು, ಮನೆ ಮನೆಯಿಂದ ಗುಂಡು. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂದದ್ದು ಅಲ್ಲಿಯೇ. 1990ರ ಮಾರ್ಚ್‌ನಲ್ಲಿ ಪಡೆ ವಾಪಸ್ಸಾಯಿತು. ಸುಮಾರು 1,200 ಜನ ಮರಳಲಿಲ್ಲ. ಅವರನ್ನು ನಾವು ಬಲು ಬೇಗ ಮರೆತೆವು, ಅದು ತಪ್ಪು.

ಕೊಲಂಬೊ ಪಕ್ಕದ ಶ್ರೀ ಜಯವರ್ಧನಪುರ ಕೋಟ್ಟೆಯಲ್ಲಿ, ಅವರ ಸಂಸತ್ ಭವನಕ್ಕೆ ಹತ್ತಿರದಲ್ಲೇ, ಈ ಯೋಧರ ಸ್ಮಾರಕವಿದೆ. ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಅಷ್ಟು ದೂರ ಆಗದಿದ್ದರೆ ದಿಲ್ಲಿಗೆ ಹೋಗಿ. ಇಂಡಿಯಾ ಗೇಟ್ ಹತ್ತಿರ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದಲ್ಲಿ, ಅಂದರೆ ಹೆಸರು ಕೆತ್ತಿದ ವೃತ್ತಾಕಾರದ ಗೋಡೆಗಳಲ್ಲಿ, 25,000ಕ್ಕೂ ಜಾಸ್ತಿ ಹೆಸರುಗಳಿವೆ, ಲಂಕೆಯಲ್ಲಿ ಮಡಿದವರದ್ದೂ ಸೇರಿ. ಸುಮ್ನೆ ಹೆಸರು ಹೇಳಿದರೆ ಹುಡುಕೋದು ಕಷ್ಟ, ಒಂದೇ ಹೆಸರಿನವರು ಬಹಳ ಜನ ಇರ್ತಾರಲ್ವಾ? ಅಣ್ಣನ ಸೇನಾ ನಂಬರ್, ರೆಜಿಮೆಂಟ್ ಬರೆದಿಟ್ಟುಕೊಳ್ಳಿ. ಹಳೆಯ ಪಿಂಚಣಿ ಕಾಗದದಲ್ಲಿ ಎರಡೂ ಸಿಗುತ್ತವೆ. ಕಾಗದ ಕಳೆದಿದ್ದರೆ ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ.