ಆನೆ ಹಬ್ಬಕ್ಕೆ ಒಂದು ಗೋಡೆ ಸಾಕು

ಓದುಗರ ಪತ್ರ: "ಸಂಪಾದಕರಿಗೆ ನಮಸ್ಕಾರ. ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಜುಲೈನಲ್ಲಿ ಮಗಳಿಗೆ ಆರು ತುಂಬುತ್ತದೆ. ಆನೆ ಥೀಮ್ ಬರ್ತ್‌ಡೇನೇ ಬೇಕು ಅಂತ ಹಟ ಹಿಡಿದು ಕೂತಿದ್ದಾಳೆ. ಹಾಸನದಲ್ಲಿ ಡೆಕೊರೇಷನ್‌ನವರನ್ನು ವಿಚಾರಿಸಿದರೆ ಹದಿನೈದು ಸಾವಿರ ಹೇಳಿದರು. ಅಷ್ಟು ನಮ್ಮ ಕೈಲಾಗದು, ಮನೆಯಲ್ಲೇ ಮಾಡೋಣ ಅಂದುಕೊಂಡೆ. ಮೊಬೈಲಿನಲ್ಲಿ ನೋಡಿದ್ದು ಯಾವುದೂ ನನಗೆ ಬರುವಂತೆ ಕಾಣುತ್ತಿಲ್ಲ. ಅತ್ತೆಯವರು ಬೇರೆ, 'ತೋಟ ತುಳಿದು ಹೋದ ಆನೆಯನ್ನು ಮನೆಯೊಳಗೆ ಕರೆದು ಮೆರೆಸಬೇಕಾ?' ಅಂತ ಕೇಳುತ್ತಿದ್ದಾರೆ. ಹತ್ತು ಹನ್ನೆರಡು ಮಕ್ಕಳು ಬರಬಹುದು. ಏನು ಮಾಡಲಿ?"

ಸಂಪಾದಕರ ಉತ್ತರ:

ನಮಸ್ಕಾರ. ಅತ್ತೆಯವರ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ತೂಕದ ಮಾತು ಅದೇ. ಅವರು ಹೇಳುವುದರಲ್ಲಿ ತಪ್ಪೇನಿಲ್ಲ. ಸಕಲೇಶಪುರ, ಆಲೂರು ಕಡೆ ಆನೆ ಅಂದರೆ ಗದ್ದೆ ಹೋಯಿತು, ಬಾಳೆ ಹೋಯಿತು, ಒಮ್ಮೊಮ್ಮೆ ಜೀವವೇ ಹೋಯಿತು ಅನ್ನುವ ಮಾತು. ನಷ್ಟ ಉಂಡವರ ಎದುರು ಗುಲಾಬಿ ಬಣ್ಣದ ಆನೆಮರಿ ತೂಗುಹಾಕಿ ನಗಿ ಅಂದರೆ ಯಾರಿಗೆ ನಗು ಬರುತ್ತದೆ?

ಆದರೆ ನಿಮ್ಮ ಮಗಳ ಕಡೆಯಿಂದಲೂ ಒಂಚೂರು ನೋಡಿ. ಸಂಜೆಯಾದರೆ ಅರಣ್ಯ ಇಲಾಖೆಯ ಮೆಸೇಜು, ಆನೆ ಯಾವ ತೋಟದಲ್ಲಿದೆ ಅಂತ ದೊಡ್ಡವರ ಫೋನು, ನಾಳೆ ಆಳು ಬರುತ್ತಾರೋ ಇಲ್ಲವೋ ಅನ್ನುವ ಚಿಂತೆ. ದಿನವೂ ಇದನ್ನೇ ಕೇಳುವ ಮಗು ಆನೆ ಬೇಕು ಅನ್ನದೆ ಇನ್ನೇನು ಅಂದೀತು? ಅವಳಿಗೆ ಬೇಕಿರುವುದು ಬಹುಶಃ ಅಂಗಡಿಯ ಆನೆ ಅಲ್ಲ. ಮನೆಯವರೆಲ್ಲ ತಗ್ಗಿದ ದನಿಯಲ್ಲಿ ಮಾತಾಡುವ ಆ ಆನೆ. ಹಾಗಾಗಿ ಥೀಮ್ ಬದಲಿಸಬೇಡಿ. ನಿಮ್ಮ ಊರಿನ ಆನೆಯನ್ನೇ ಮಾಡಿ. ಅತ್ತೆಯವರನ್ನು ಪಾರ್ಟಿಯ ಮಧ್ಯಕ್ಕೆ ಕೂರಿಸಿ, ಅವರು ಕಂಡ ಆನೆಯ ಕತೆ ಹೇಳಿಸಿ. ಆನೆ ಹಿಂಡಿಗೆ ಯಜಮಾನಿ ಸಾಮಾನ್ಯವಾಗಿ ವಯಸ್ಸಾದ ಹೆಣ್ಣಾನೆ, ಅಂದರೆ ಅಜ್ಜಿ. ನೀರೆಲ್ಲಿದೆ, ದಾರಿ ಯಾವುದು ಅಂತ ತಿಳಿದವಳು ಅವಳೇ. ಇದನ್ನು ಮಕ್ಕಳಿಗೆ ಹೇಳಿ, ಅಜ್ಜಿಗೆ ಒಂದು ಕಾಗದದ ಕಿರೀಟ ಇಡಿ. ಒಪ್ಪದಿದ್ದರೆ ಬಲವಂತ ಬೇಡ. ಹೋಳಿಗೆ ಮಾಡಿಕೊಡಿ ಅಂತ ಕೇಳಿದರೂ ಸಾಕು, ಅರ್ಧ ಮುನಿಸು ಇಳಿಯುತ್ತದೆ.

ಈಗ ಕೈಕೆಲಸಕ್ಕೆ ಬರೋಣ.

ಮೊಬೈಲಿನಲ್ಲಿ ನೋಡುವ ಅಲಂಕಾರದ ತೊಂದರೆ ಏನು ಗೊತ್ತಾ? ಇಡೀ ಹಾಲ್ ತುಂಬಬೇಕು ಅನ್ನಿಸಿಬಿಡುತ್ತದೆ. ಚಾವಣಿ, ಬಾಗಿಲು, ಕುರ್ಚಿ, ಮೇಜು, ಲೋಟಕ್ಕೂ ಒಂದು ಆನೆ. ಅದು ಬಾಡಿಗೆ ಸಾಮಾನು ಇಟ್ಟುಕೊಂಡಿರುವವರಿಗೆ ಸರಿ. ಮನೆಯಲ್ಲಿ ಮಾಡುವವರು ಒಂದು ಗೋಡೆ ಆರಿಸಿಕೊಳ್ಳಬೇಕು, ಕೇಕ್ ಇಡುವ ಮೇಜಿನ ಹಿಂದಿನ ಗೋಡೆ. ಉಳಿದದ್ದನ್ನು ಗುಡಿಸಿ ಒರೆಸಿ ಸುಮ್ನೆ ಬಿಡಿ. ಬರುವ ಮಕ್ಕಳ ಕಣ್ಣು, ದೊಡ್ಡವರ ಕ್ಯಾಮೆರಾ ಎರಡೂ ಹೋಗುವುದು ಅಲ್ಲಿಗೇ.

ಆ ಗೋಡೆಗೆ ಏನು ಹಾಕಬೇಕು ಅನ್ನುವುದಕ್ಕೆ ಮಾದರಿ ನಿಮ್ಮ ಜಿಲ್ಲೆಯಲ್ಲೇ ಇದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದು. ಅಲ್ಲಿ ಗೋಡೆಯ ಬುಡದಲ್ಲಿ ಸುತ್ತಲೂ ಆನೆಗಳ ಸಾಲು. ಹಳೇಬೀಡಿನಲ್ಲೂ ಕೆಳಗಿನ ಪಟ್ಟಿ ಆನೆಗಳದೇ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಅಂತ ಒಂದೊಂದು ಪಟ್ಟಿ ಏರುತ್ತಾ ಹೋಗುತ್ತದೆ. ಇಡೀ ಗುಡಿಯ ಭಾರ ಹೊತ್ತವು ಆನೆಗಳು. ನೀವೂ ಹಾಗೇ ಮಾಡಿ. ಕೆಳಗೆ ಆನೆ ಸಾಲು, ನಡುವೆ ಒಂದು ಬಳ್ಳಿ, ಮೇಲೆ ಮಗಳ ಹೆಸರು. ಮೂರೇ ಪಟ್ಟಿ.

ಆನೆ ಸಾಲಿಗೆ ಪುಸ್ತಕಕ್ಕೆ ರಟ್ಟು ಹಾಕುವ ಬ್ರೌನ್ ಪೇಪರ್ ತನ್ನಿ. ಸುರುಳಿಯಲ್ಲಿ ಬರುತ್ತದೆ, ಅಗ್ಗ, ಆನೆಗೆ ಒಪ್ಪುವ ಬಣ್ಣ. ಒಂದು ಗೇಣು ಅಗಲದ ಉದ್ದ ಪಟ್ಟಿ ಕತ್ತರಿಸಿ, ಬೀಸಣಿಗೆ ಮಡಿಸುವ ಹಾಗೆ ಹಿಂದೆ ಮುಂದೆ ಮಡಿಸಿ. ಮೇಲಿನ ಮಡಿಕೆಯ ಮೇಲೆ ಆನೆ ಬರೆಯಿರಿ. ಸೊಂಡಿಲ ತುದಿ ಒಂದು ಮಡಿಕೆಯ ಅಂಚಿಗೆ, ಬಾಲ ಇನ್ನೊಂದು ಅಂಚಿಗೆ ತಾಗಿರಲಿ. ಆ ಎರಡು ಜಾಗ ಬಿಟ್ಟು ಉಳಿದದ್ದನ್ನು ಕತ್ತರಿಸಿ. ಬಿಡಿಸಿದರೆ ಆನೆಗಳ ಸರ ಬರುತ್ತದೆ. ಆದರೆ ಒಂದು ವಿಷಯ. ಹೀಗೆ ಮಡಿಸಿ ಕತ್ತರಿಸಿದರೆ ಆನೆಗಳು ಒಂದರ ಹಿಂದೆ ಒಂದು ನಡೆಯುವುದಿಲ್ಲ. ಎರಡು ಸೊಂಡಿಲಿಗೆ ಸೊಂಡಿಲು ಕೊಟ್ಟು, ಮುಂದಿನ ಎರಡು ಬಾಲಕ್ಕೆ ಬಾಲ ಕೊಟ್ಟು ನಿಲ್ಲುತ್ತವೆ. ಚೆಂದವೇ ಕಾಣುತ್ತದೆ. ಬೇಲೂರಿನ ಹಾಗೆ ಸಾಲಾಗಿ ನಡೆಯಲೇಬೇಕು ಅಂದರೆ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬಿಡಿಬಿಡಿಯಾಗಿ ಕತ್ತರಿಸಿ, ಆಮೇಲೆ ದಾರಕ್ಕೆ ಅಂಟಿಸಿ. ಆರು ಪದರಕ್ಕಿಂತ ಜಾಸ್ತಿ ಇಡಬೇಡಿ. ಕತ್ತರಿ ಜಾರುತ್ತದೆ, ಕಾಲು ಸೊಟ್ಟ ಆಗುತ್ತದೆ.

ಕತ್ತರಿಸುವುದು ನೀವು, ಕಣ್ಣು ಬರೆಯುವುದು ಮಗಳು. ಒಂದೊಂದು ಆನೆಗೂ ಅವಳು ಬೇರೆ ಬೇರೆ ಕಣ್ಣು ಬರೆಯುತ್ತಾಳೆ. ಒಂದು ಅಳುತ್ತದೆ, ಒಂದಕ್ಕೆ ಕನ್ನಡಕ ಬರುತ್ತದೆ. ತಿದ್ದಲು ಹೋಗಬೇಡಿ. ನನ್ನ ಕೇಳಿದರೆ ಇಡೀ ಗೋಡೆಯಲ್ಲಿ ನೋಡುವಂಥದ್ದು ಅದೇ.

ಆನೆ ಬರೆಯುವಾಗ ಕಿವಿಯ ಮೇಲೆ ಗಮನ ಇರಲಿ. ಅಂಗಡಿಯಲ್ಲಿ ಸಿಗುವ ಕಟೌಟಿನ ಆನೆಗಳಲ್ಲಿ ಬಹಳಷ್ಟು ಆಫ್ರಿಕಾದವು. ಹೆಗಲನ್ನೇ ಮುಚ್ಚುವ ಮೊರದಗಲ ಕಿವಿ. ನಮ್ಮ ಆನೆಯ ಕಿವಿ ಚಿಕ್ಕದು, ನೆತ್ತಿಯ ಮೇಲೆ ಎರಡು ಉಬ್ಬು. ದಂತ ಇರುವುದು ಗಂಡಿಗೆ, ಅದರಲ್ಲೂ ಎಲ್ಲ ಗಂಡಿಗಲ್ಲ. ನಿಮ್ಮ ಕಡೆಯ ಮಕ್ಕಳಿಗೆ ಇದು ಹೇಳಿಕೊಡದೆಯೂ ಗೊತ್ತಿರುತ್ತದೆ. ತಪ್ಪು ಬರೆದರೆ ಹಿಡಿಯುತ್ತಾರೆ, ಹುಷಾರು.

ಇನ್ನು ಮಳೆ. ಜುಲೈ ಅಂದಿದ್ದೀರಿ, ಅದೂ ಸಕಲೇಶಪುರ. ಬಯಲುಸೀಮೆಯವರ ವಿಡಿಯೋ ನೋಡಿ ಕೆಲಸಕ್ಕೆ ಇಳಿದರೆ ಇಲ್ಲಿ ಎಡವುತ್ತೀರಿ. ತೇವದ ಗೋಡೆಗೆ ಸೆಲ್ಲೋಟೇಪ್ ನಿಲ್ಲುವುದಿಲ್ಲ. ರಾತ್ರಿ ಅಂಟಿಸಿದ್ದು ಬೆಳಗ್ಗೆ ನೆಲದ ಮೇಲೆ ಬಿದ್ದಿರುತ್ತದೆ. ಗೋಡೆಯ ಈ ಕೊನೆಯಿಂದ ಆ ಕೊನೆಗೆ ಮೊಳೆ ಹೊಡೆದು ಸೆಣಬಿನ ದಾರ ಬಿಗಿದು ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಎಲ್ಲವನ್ನೂ ಸಿಕ್ಕಿಸಿ. ಕಾಗದ ತೇವ ಹೀರಿ ಜೋತು ಬೀಳುತ್ತದೆ, ಅದಕ್ಕೆ ಹಿಂದಿನ ದಿನವೇ ಕಟ್ಟಬೇಡಿ. ಎಲ್ಲವನ್ನೂ ಮಾಡಿ ದಿಂಬಿನಡಿಯಲ್ಲೋ ದಪ್ಪ ಪುಸ್ತಕದಡಿಯಲ್ಲೋ ಒತ್ತಿಟ್ಟು, ಆ ದಿನ ಬೆಳಗ್ಗೆ ನೇತುಹಾಕಿ. ನೀರಿನ ಬಣ್ಣ ಬೇಡ, ಮೇಣದ ಬಳಪ ಸಾಕು. ಬಲೂನಿನ ಮೇಲೆ ಕಾಗದ ಅಂಟಿಸಿ ದೊಡ್ಡ ಆನೆ ತಲೆ ಮಾಡುವ ವಿಧಾನ ನೀವೂ ನೋಡಿರುತ್ತೀರಿ. ಅದನ್ನು ಜನವರಿಯವರೆಗೆ ಮರೆತುಬಿಡಿ. ನಿಮ್ಮಲ್ಲಿ ಈಗ ಅದು ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ.

ಅಂಟು ಮನೆಯಲ್ಲೇ ಆಗುತ್ತದೆ. ಒಂದು ಲೋಟ ಮೈದಾವನ್ನು ಮೂರು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಗಂಜಿಯ ಹದ ಬರುವವರೆಗೆ ಕಾಯಿಸಿ. ಹಿಂದೆಲ್ಲ ಹುಳ ಹಿಡಿಯದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ತೋಟದವರ ಮನೆ, ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಮೂಲೆಯಲ್ಲಿ ಇದ್ದೇ ಇರುತ್ತದೆ. ದಯವಿಟ್ಟು ಹಾಕಬೇಡಿ, ಅದು ವಿಷ, ಮಕ್ಕಳ ಕೈ ಬಾಯಿಗೆ ಹೋಗುತ್ತದೆ. ಆಯಾ ದಿನಕ್ಕೆ ಬೇಕಾದಷ್ಟೇ ಅಂಟು ಕಾಯಿಸಿಕೊಂಡರೆ ಯಾವ ರಗಳೆಯೂ ಇಲ್ಲ.

ನಡುವಿನ ಬಳ್ಳಿಗೆ ಕಾಗದವೇ ಬೇಡ. ತೋಟದಲ್ಲಿ ಜರೀಗಿಡ ಮಳೆಗೆ ಚಿಗುರಿ ನಿಂತಿರುತ್ತದೆ. ಬಗನಿ ಮರದ ಗರಿ ಸಿಕ್ಕರೆ ಇನ್ನೂ ಒಳ್ಳೆಯದು, ಆನೆಗೂ ಅದು ಇಷ್ಟದ ಮೇವು. ತಂದ ಸೊಪ್ಪನ್ನು ಜೋರಾಗಿ ಒದರಿ, ಒಂದೊಂದೇ ನೋಡಿ ಒಳಗೆ ತನ್ನಿ. ಇಂಬಳ, ಅಂದರೆ ಜಿಗಣೆ, ಪಾರ್ಟಿಗೆ ಬರುವುದು ಬೇಡ.

ಬಂದ ಮಕ್ಕಳಿಗೆ ಏನು ಮಾಡಿಸಲಿ ಅಂತ ನೀವು ಕೇಳಿಲ್ಲ. ಆದರೆ ಹನ್ನೆರಡು ಮಕ್ಕಳು, ಹೊರಗೆ ಮಳೆ, ಒಳಗೆ ಒಂದು ಹಾಲ್. ಕೇಕ್ ಕತ್ತರಿಸಿದ ಮೇಲೆ ನಿಮ್ಮ ಗತಿ ಏನು? ಎರಡು ಕೆಲಸ ಇಟ್ಟುಕೊಳ್ಳಿ.

ಒಂದು, ಮುಖವಾಡ. ಅಡಿಕೆ ಹಾಳೆ ತಟ್ಟೆಯ ಚಿಕ್ಕದು ತನ್ನಿ. ಕಣ್ಣಿನ ತೂತನ್ನು ನೀವೇ ಮೊದಲು ಕೊರೆದು ಅಂಚನ್ನು ಉಜ್ಜಿಡಿ, ಹಾಳೆಯ ಅಂಚು ಚರ್ಮ ಗೀರುತ್ತದೆ. ಕಿವಿ ಹಳೇ ರಟ್ಟಿನದು. ಸೊಂಡಿಲಿಗೆ ಎರಡು ಬೆರಳಗಲದ ಎರಡು ಕಾಗದದ ಪಟ್ಟಿ ತೆಗೆದುಕೊಳ್ಳಿ. ತುದಿಗಳನ್ನು ಮೂಲೆಮಟ್ಟವಾಗಿ ಅಂಟಿಸಿ, ಒಂದರ ಮೇಲೊಂದು ಅಡ್ಡ ಉದ್ದ ಮಡಿಸುತ್ತಾ ಹೋಗಿ. ಸ್ಪ್ರಿಂಗ್ ಆಗುತ್ತದೆ. ತಟ್ಟೆಯ ನಡುವೆ ಅಂಟಿಸಿದರೆ ತಲೆ ಅಲ್ಲಾಡಿಸಿದಾಗೆಲ್ಲ ಸೊಂಡಿಲು ಕುಣಿಯುತ್ತದೆ. ಆರು ವರ್ಷದ ಮಕ್ಕಳಿಗೆ ಈ ಮಡಿಕೆ ಬರುತ್ತದೆ, ಅದಕ್ಕಿಂತ ಚಿಕ್ಕವರಿಗೆ ದೊಡ್ಡವರು ಜೊತೆ ಕೂರಬೇಕು. ಮಾಡಿದ ಮುಖವಾಡವನ್ನೇ ಅವರು ಮನೆಗೆ ಒಯ್ಯಲಿ. ರಿಟರ್ನ್ ಗಿಫ್ಟ್ ಬೇರೆ ಬೇಕಿಲ್ಲ.

ಎರಡನೆಯದು ನನಗೆ ತುಂಬ ಇಷ್ಟವಾದದ್ದು, ಆನೆ ಅಳೆಯುವುದು. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ತೆಗೆದುಕೊಂಡರೆ ಹೆಚ್ಚುಕಮ್ಮಿ ಅದರ ಹೆಗಲಿನ ಎತ್ತರ ಬರುತ್ತದೆ. ಕಾಡಿನಲ್ಲಿ ಹೆಜ್ಜೆ ನೋಡಿಯೇ ಆನೆ ಎಷ್ಟು ದೊಡ್ಡದು ಅಂತ ಅಂದಾಜು ಮಾಡುವುದು ಹೀಗೆ. ಚಾರ್ಟ್ ಪೇಪರಿನ ನಡುವೆ ಪೆನ್ಸಿಲಿಗೆ 20 ಸೆಂಟಿಮೀಟರ್ ದಾರ ಕಟ್ಟಿ ಒಂದು ವೃತ್ತ ಎಳೆಯಿರಿ. ಮುಂದೆ ಉಗುರಿನ ಗುರುತು ಹಾಕಿ. ಗಂಡಾನೆಯ ಹೆಜ್ಜೆ ಆಯಿತು. ಮಕ್ಕಳು ಅದರ ಸುತ್ತ ದಾರ ಇಟ್ಟು ಅಳೆಯಲಿ, ಸುಮಾರು 125 ಸೆಂಟಿಮೀಟರ್ ಬರುತ್ತದೆ. ಅದರ ಎರಡರಷ್ಟು ದಾರವನ್ನು ನೆಲದಿಂದ ಗೋಡೆಯ ಮೇಲಕ್ಕೆ ಹಿಡಿದರೆ 2.5 ಮೀಟರ್. ಅಪ್ಪ ಕುರ್ಚಿ ಹತ್ತಿ ಅಲ್ಲಿ ಒಂದು ಗುರುತು ಹಾಕಲಿ. ಇನ್ನೊಂದು ಗುರುತು ನೆಲದಿಂದ 90 ಸೆಂಟಿಮೀಟರಿಗೆ. ಅದು ಆಗಷ್ಟೇ ಹುಟ್ಟಿದ ಮರಿಯ ಎತ್ತರ. ಒಬ್ಬೊಬ್ಬರಾಗಿ ಗೋಡೆಗೆ ಬೆನ್ನು ಕೊಟ್ಟು ನಿಂತು ತಮ್ಮ ಹೆಸರು ಬರೆದುಕೊಳ್ಳಲಿ. ಮರಿಗಿಂತ ನಾನೇ ಎತ್ತರ ಅಂತ ಗೊತ್ತಾದಾಗ ಗಲಾಟೆ ನೋಡಬೇಕು. ಆ ಗುರುತುಗಳ ಕೆಳಗೆ ಕೂತೇ ಅಜ್ಜಿಯ ಕತೆ ಕೇಳಬಹುದು.

ಬಲೂನು ಬೇಡವಾ ಅಂದರೆ, ನಾಲ್ಕೈದು ಇರಲಿ, ಬಾಯಲ್ಲೋ ಪಂಪಿನಲ್ಲೋ ಊದಿದ್ದು. ಒಡೆದ ಚೂರನ್ನು ಕೂಡಲೇ ಎತ್ತಿಬಿಡಿ, ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಜಾತ್ರೆಯಲ್ಲಿ ಮಾರುವ ಗ್ಯಾಸ್ ಬಲೂನು ತರಲೇಬೇಡಿ. ಅದರಲ್ಲಿ ಹಲವು ಸಲ ಇರುವುದು ಹೈಡ್ರೋಜನ್, ಮೇಣದಬತ್ತಿ ತಾಗಿದರೆ ಭಗ್ ಅನ್ನುತ್ತದೆ. ನೊರೆ ಚಿಮ್ಮುವ ಸ್ಪ್ರೇ ಕೂಡ ಬೆಂಕಿಯ ಹತ್ತಿರ ಅಪಾಯವೇ. ಅಲಂಕಾರದ ಥರ್ಮೊಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ ಇವಕ್ಕೆಲ್ಲ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಇದೆ, ಅಂಗಡಿಯಲ್ಲಿ ಕೊಟ್ಟರೂ ತೆಗೆದುಕೊಳ್ಳಬೇಡಿ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಒಂದು ಚಾರ್ಜಿಂಗ್ ಲೈಟ್ ತಯಾರಿರಲಿ, ಕಾಗದದ ಗೋಡೆಯ ಮುಂದೆ ಸಾಲು ದೀಪ ಹಚ್ಚುವುದು ಬೇಡ.

ತಿನ್ನಲು ಆನೆ ಆಕಾರದ ಕೇಕ್ ಹುಡುಕಿಕೊಂಡು ಹಾಸನಕ್ಕೆ ಹೋಗಬೇಡಿ. ಸಕಲೇಶಪುರದ ಬೇಕರಿಯ ಸಾದಾ ಕೇಕ್ ತಂದು, ಮೇಲೆ ಮಗಳು ಕತ್ತರಿಸಿದ ಕಾಗದದ ಆನೆಯನ್ನು ಕಡ್ಡಿಗೆ ಅಂಟಿಸಿ ನಿಲ್ಲಿಸಿ. ಆನೆಗೆ ಪ್ರೀತಿಯ ಊಟ ಅಂತ ಹಲಸಿನ ತೊಳೆ, ಬಾಳೆಹಣ್ಣು ಒಂದು ಹರಿವಾಣದಲ್ಲಿಡಿ. ಹಲಸಿನ ಹಣ್ಣಿನ ಕಡುಬು ಅತ್ತೆಯವರ ಕೈರುಚಿಯದಾದರೆ ಕೇಕ್ ಉಳಿದುಹೋದೀತು.

ಒಂದು ಎಚ್ಚರಿಕೆ ಇಲ್ಲೇ ಇದೆ. ಹಲಸಿನ ಸಿಪ್ಪೆ, ಮಡಲು, ಬಾಳೆ ದಿಂಡು ಯಾವುದನ್ನೂ ಮನೆಯ ಹಿಂದೆ ಎಸೆಯಬೇಡಿ. ಹಣ್ಣಾದ ಹಲಸಿನ ವಾಸನೆಗೆ ಆನೆ ದೂರದಿಂದ ಬರುತ್ತದೆ. ಹೂತುಹಾಕಿ, ಇಲ್ಲವೇ ಕೊಟ್ಟಿಗೆಯಲ್ಲಿ ದನ ಇದ್ದರೆ ಅಂದೇ ಹಾಕಿ ಮುಗಿಸಿ. ಪಾರ್ಟಿಯನ್ನು ಸಂಜೆಗೆ ಇಡಬೇಡಿ, ಹನ್ನೊಂದು ಗಂಟೆಗೆ ಶುರು ಮಾಡಿ. ನಾಲ್ಕಕ್ಕೆಲ್ಲ ಮಕ್ಕಳು ಅವರವರ ಮನೆ ಸೇರಿರಬೇಕು. ಕರೆಯುವಾಗಲೇ ಈ ಹೊತ್ತು ಹೇಳಿಬಿಡಿ. ಅಂದು ಬೆಳಗ್ಗೆ ಇಲಾಖೆಯ ಮೆಸೇಜು ನೋಡಿ, ಹತ್ತಿರದಲ್ಲೇ ಆನೆ ಇದೆ ಅಂತ ಬಂದರೆ ಹಿಂದೆಮುಂದೆ ನೋಡದೆ ಮರುದಿನಕ್ಕೆ ಹಾಕಿ. ಕ್ಲಿಪ್ಪಿನಲ್ಲಿ ಸಿಕ್ಕಿಸಿದ್ದು ತಾನೇ, ಇಳಿಸಿ ಪುಸ್ತಕದಡಿಗೆ ಇಟ್ಟರೆ ಆಯಿತು.

ಮುಖವಾಡದ ಕಿವಿಗೆ ಬೇಕಾದ ಅಚ್ಚನ್ನು ಈ ಸಂಚಿಕೆಯ ಮಕ್ಕಳ ಪುಟದಲ್ಲಿ ಹಾಕಿಸಿದ್ದೇನೆ. ಮೇಲೆ ತೆಳು ಕಾಗದ ಇಟ್ಟು ಗೆರೆ ಎಳೆದುಕೊಳ್ಳಿ. ಅತ್ತೆಯವರು ಹೇಳಿದ ಕತೆ ಚೆನ್ನಾಗಿದ್ದರೆ ಬರೆದು ಕಳಿಸಿ, ಅವರ ಒಪ್ಪಿಗೆ ಕೇಳಿ ಪ್ರಕಟಿಸುತ್ತೇವೆ. ಮಗಳಿಗೆ ನಮ್ಮೆಲ್ಲರ ಕಡೆಯಿಂದ ಹುಟ್ಟುಹಬ್ಬದ ಶುಭಾಶಯ ತಿಳಿಸಿ.