ಕಲಬುರಗಿಯಲ್ಲಿ ಎಂಟು ಮನೆಗಳ ಅಪಾರ್ಟ್‌ಮೆಂಟ್: ಕರೆಂಟ್ ಖರ್ಚು ಕಡಿಮೆ ಬರುವಂತೆ ಕಟ್ಟುವುದು ಹೇಗೆ?

ನೀವು ಕೇಳಿರುವುದು ಇಷ್ಟು. ಕಲಬುರಗಿಯಲ್ಲಿ ಅಪ್ಪನ ಕಾಲದ 60 ಬೈ 90 ಅಡಿ ಸೈಟು. ಹಳೆ ಮನೆ ಕೆಡವಿ, ನಾಲ್ವರು ಅಣ್ಣತಮ್ಮಂದಿರು ಸೇರಿ ಎಂಟು ಮನೆ ಕಟ್ಟಿಸುತ್ತೀರಿ. ನಾಲ್ಕು ನಿಮಗೆ, ನಾಲ್ಕು ಬಾಡಿಗೆಗೆ. ಬೋರ್ 600 ಅಡಿ ಇದೆ. ಕರೆಂಟ್ ಖರ್ಚು ಕಡಿಮೆ ಆಗಬೇಕು, ಎಷ್ಟು ಕಿಲೋವ್ಯಾಟ್ ಸೋಲಾರ್ ಹಾಕಿಸಲಿ ಎಂಬುದು ಪ್ರಶ್ನೆ.

ನಾನು ಸಿವಿಲ್ ಇಂಜಿನಿಯರ್. ನಿಮ್ಮ ಕಡೆಯ ಬಿಸಿಲಲ್ಲೇ ಕೆಲಸ ಮಾಡಿದವನು. ಸೋಲಾರ್ ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಸೋಲಾರ್ ಪ್ಯಾನೆಲ್ ಯಾವಾಗ ಬೇಕಾದರೂ ಹಾಕಬಹುದು. ಪಶ್ಚಿಮದ ಗೋಡೆಯನ್ನು ಆಮೇಲೆ ತಿರುಗಿಸಿ ಇಡಲು ಆಗುವುದಿಲ್ಲ ಅಲ್ವಾ? ನಿಮ್ಮ ಕಟ್ಟಡ ಎಷ್ಟು ಕರೆಂಟ್ ಕೇಳುತ್ತದೆ ಅನ್ನುವುದು ಬಹುಪಾಲು ನಕ್ಷೆಯಲ್ಲೇ ತೀರ್ಮಾನ ಆಗಿಬಿಡುತ್ತದೆ.

ಮೊದಲು ಬಿಸಿಲಿನ ಲೆಕ್ಕ ನೋಡಿ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಬೇಸಿಗೆಯಲ್ಲಿ ಆತ ಹೆಚ್ಚುಕಮ್ಮಿ ತಲೆ ಮೇಲೇ ಇರುವುದರಿಂದ ಉತ್ತರ, ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಸಾಕು. ತೊಂದರೆ ಕೊಡುವುದು ಪೂರ್ವ ಮತ್ತು ಪಶ್ಚಿಮ. ಅದರಲ್ಲೂ ಪಶ್ಚಿಮ. ಮೇ ತಿಂಗಳ ಸಂಜೆ ನಾಲ್ಕಕ್ಕೆ ಸೂರ್ಯ ನೆಲದಿಂದ ಸುಮಾರು 38 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಪಶ್ಚಿಮದ ನಾಲ್ಕಡಿ ಕಿಟಕಿಗೆ ಎರಡಡಿ ಸಜ್ಜಾ ಇದ್ದರೆ, ಆಗ ಮೇಲಿನ ಒಂದೂವರೆ ಅಡಿಗೆ ಮಾತ್ರ ನೆರಳು. ಐದು ಗಂಟೆಗೆ ಒಂದಡಿಯೂ ಇಲ್ಲ. ಉಳಿದ ಗಾಜಿನಿಂದ ಬಿಸಿಲು ನೇರ ಮಂಚದ ಮೇಲೆ ಬೀಳುತ್ತದೆ. ಎಸಿಯವನು ಬಂದು ಒಂದೂವರೆ ಟನ್ ಬೇಡ, ಎರಡು ಟನ್ ಹಾಕಿಸಿ ಅನ್ನುವುದು ಇಂಥ ರೂಮಿಗೇ.

ಹಾಗಾಗಿ ಪಶ್ಚಿಮಕ್ಕೆ ಮೆಟ್ಟಿಲು, ಲಿಫ್ಟು, ಬಾತ್‌ರೂಮು, ವಾಶ್ ಏರಿಯಾ, ಡಕ್ಟು (ಪೈಪುಗಳು ಹೋಗುವ ತೆರೆದ ಕಂಡಿ) ಕೊಡಿ. ಮಲಗುವ ಕೋಣೆ ಕೊಡಬೇಡಿ. ಎಂಟೂ ಮನೆಗೆ ಇದು ಸಾಧ್ಯವಾಗದೆ ಇರಬಹುದು. ಸಾಧ್ಯವಾಗದ ಕಡೆ ಕಿಟಕಿಯನ್ನು ಸಣ್ಣದು ಮಾಡಿ, ಹೊರಗಡೆ ಮುಚ್ಚುವ ಶಟರೋ ಜಾಲಿಯೋ ಕೊಡಿ. ಒಳಗಿನ ಪರದೆ ಅಷ್ಟಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಗಾಜು ದಾಟಿದ ಬಿಸಿಲು ಒಳಗೆ ಬಂದಾಗಿರುತ್ತದೆ, ಪರದೆಯೇ ಕಾದು ರೂಮಿಗೆ ಶಾಖ ಬಿಡುತ್ತದೆ. ವಾಸ್ತು ಹೇಳುವವರು ನೈರುತ್ಯದಲ್ಲೇ ಮಾಸ್ಟರ್ ಬೆಡ್‌ರೂಮ್ ಬೇಕು ಅನ್ನುತ್ತಾರೆ. ಮನೆಯ ಹಿರಿಯರ ನಂಬಿಕೆ ಇದ್ದರೆ ಇಟ್ಟುಕೊಳ್ಳಿ, ಆದರೆ ಆ ಕೋಣೆಯ ಕಿಟಕಿ ದಕ್ಷಿಣದ ಗೋಡೆಯಲ್ಲಿ ಬರಲಿ.

ಇನ್ನು ಗೋಡೆ. ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರ್ ಗೋಡೆಯಿಂದ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬುದಕ್ಕೆ ಯು-ವ್ಯಾಲ್ಯೂ ಅನ್ನುತ್ತಾರೆ. 9 ಇಂಚಿನ ಸುಟ್ಟ ಇಟ್ಟಿಗೆ ಗೋಡೆಗೆ ಪ್ಲಾಸ್ಟರ್ ಸೇರಿ ಅದು ಸುಮಾರು 2 ಇರುತ್ತದೆ. ಎಂಟು ಇಂಚಿನ ಎಎಸಿ (ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್) ಬ್ಲಾಕ್‌ಗೆ 0.8ರ ಆಸುಪಾಸು. ಈಗ ಎಲ್ಲರೂ ಬೇಗ ಮುಗಿಯುತ್ತದೆ ಅಂತ ಹೋಗುತ್ತಿರುವ ಮೈವಾನ್ ಶಟರಿಂಗಿನ, ಅಂದರೆ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ಯುವ, ಪೂರ್ತಿ ಕಾಂಕ್ರೀಟ್ ಗೋಡೆಗೆ 3ಕ್ಕಿಂತ ಜಾಸ್ತಿ. ಅಂದರೆ ಎಎಸಿಗಿಂತ ನಾಲ್ಕು ಪಟ್ಟು ಶಾಖ ಒಳಗೆ. ನಿಮ್ಮದು ಎಂಟೇ ಮನೆ. ಮೈವಾನ್ ನಿಮಗೆ ಬೇಕಿಲ್ಲ. ರಾಯಚೂರು ಥರ್ಮಲ್‌ನ ಬೂದಿಯಿಂದ ಮಾಡುವ ಫ್ಲೈ ಆಶ್ ಇಟ್ಟಿಗೆಯ ಬಗ್ಗೆಯೂ ಜನ ಕೇಳುತ್ತಾರೆ. ಬೂದಿ ಉಪಯೋಗಕ್ಕೆ ಬರುವುದು ಒಳ್ಳೆಯದೇ. ಆದರೆ ಶಾಖ ತಡೆಯುವುದರಲ್ಲಿ ಸುಟ್ಟ ಇಟ್ಟಿಗೆಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ.

ನನ್ನ ಸಲಹೆ: ಹೊರಗೋಡೆ ಎಎಸಿ, ಒಳಗೋಡೆ ನಿಮಗೆ ಅಗ್ಗಕ್ಕೆ ಸಿಗುವ ಯಾವುದೇ ಇಟ್ಟಿಗೆ. ಎಎಸಿ ಹಗುರ, ಆದ್ದರಿಂದ ಬೀಮು, ಪಾಯಕ್ಕೆ ಭಾರವೂ ಕಡಿಮೆ. ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಇದನ್ನು ಮೊದಲೇ ಹೇಳಿದರೆ ಕಬ್ಬಿಣ ಉಳಿಯುತ್ತದೆ, ಆಮೇಲೆ ಹೇಳಿದರೆ ಏನೂ ಉಳಿಯುವುದಿಲ್ಲ. ಕಟ್ಟುವ ಮೇಸ್ತ್ರಿಗೆ ಆ ಕೆಲಸ ಗೊತ್ತಿರಬೇಕು. ಬ್ಲಾಕನ್ನು ಇಟ್ಟಿಗೆಯ ಹಾಗೆ ನೀರಲ್ಲಿ ನೆನೆಸಿ, ದಪ್ಪ ಗಾರೆ ಹಾಕಿ ಕಟ್ಟಿದರೆ ಬಿರುಕು ಗ್ಯಾರಂಟಿ. ಅದಕ್ಕೆ ತೆಳು ಅಂಟುಗಾರೆಯೇ ಬೇಕು. ಕಾಲಮ್ಮಿಗೂ ಗೋಡೆಗೂ ಸೇರುವ ಕಡೆ ಪ್ಲಾಸ್ಟರ್ ಒಳಗೆ ಮೆಶ್ (ಜಾಲರಿ) ಹಾಕಲೇಬೇಕು.

ಮೇಲ್ಛಾವಣಿಯ ವಿಷಯದಲ್ಲಿ ಮಾತ್ರ ದಯವಿಟ್ಟು ಚೌಕಾಸಿ ಮಾಡಬೇಡಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ಅದು. ಬರಿ ಆರ್‌ಸಿಸಿ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಕೆಳಗೆ ಬಿಡುತ್ತದೆ. ನಿಮ್ಮ ಭಾಗದ ಹಳೆ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮಧ್ಯಾಹ್ನ ನೆಮ್ಮದಿಯಾಗಿ ಮಲಗಲು ಆಗುತ್ತಿತ್ತು, ಆ ದಪ್ಪ ಮಣ್ಣೇ ಅದಕ್ಕೆ ಕಾರಣ. ಈಗ ಅದೇ ಕೆಲಸಕ್ಕೆ ಸ್ಲ್ಯಾಬಿನ ಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ 50 ಮಿಲಿಮೀಟರ್ ದಪ್ಪದ, ಶಾಖ ತಡೆಯುವ ಗಟ್ಟಿ ಫೋಮಿನ ಎಕ್ಸ್‌ಪಿಎಸ್ ಹಲಗೆ, ಅದರ ಮೇಲೆ ಕಾಂಕ್ರೀಟು, ಕೊನೆಗೆ ಬಿಳಿ ಟೈಲ್ಸ್ ಅಥವಾ ಒಡೆದ ಚೀನಿ ಟೈಲ್ಸ್ ಬರಬೇಕು. 3ಕ್ಕಿಂತ ಜಾಸ್ತಿ ಇರುವ ಸ್ಲ್ಯಾಬಿನ ಯು-ವ್ಯಾಲ್ಯೂ ಇದರಿಂದ 0.5ರ ಹತ್ತಿರಕ್ಕೆ ಇಳಿಯುತ್ತದೆ. ಬರಿ ಬಿಳಿ ಬಣ್ಣ ಬಳಿದರೂ ಪ್ರಯೋಜನ ಇದೆ, ಆದರೆ ಧೂಳು ಕೂತಂತೆ ಅದರ ಗುಣ ಇಳಿಯುತ್ತದೆ. ಮೇಲಿನ ಮಹಡಿಯ ಬಾಡಿಗೆದಾರರು ಬೇಸಿಗೆ ಬಂದ ಕೂಡಲೇ ಮನೆ ಖಾಲಿ ಮಾಡುವ ಕಟ್ಟಡಗಳನ್ನು ನಾನು ನೋಡಿದ್ದೇನೆ. ನಿಮ್ಮಲ್ಲಿ ಮೇಲಿನ ಮನೆ ಯಾವ ತಮ್ಮನ ಪಾಲಿಗೆ ಬಂದರೂ ಅವನಿಗೆ ಅನ್ಯಾಯ ಆಗಬಾರದು. ಈ ಖರ್ಚನ್ನು ನಾಲ್ವರೂ ಸಮನಾಗಿ ಹಂಚಿಕೊಳ್ಳಿ.

ಇದಕ್ಕೆಲ್ಲ ಒಂದು ಸರ್ಕಾರಿ ಅಳತೆಗೋಲು ಇದೆ. ಕೇಂದ್ರದ ಬಿಇಇ (ಬ್ಯೂರೋ ಆಫ್ ಎನರ್ಜಿ ಎಫಿಶಿಯನ್ಸಿ) ಸಂಸ್ಥೆ 2018ರ ಡಿಸೆಂಬರಲ್ಲಿ ಇಕೋ ನಿವಾಸ್ ಸಂಹಿತೆ ಹೊರತಂದಿತು. ಎಸಿ, ಫ್ರಿಜ್‌ಗೆ ಸ್ಟಾರ್ ಕೊಡುವುದು ಇವರೇ. 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟಿನ ವಸತಿ ಕಟ್ಟಡಗಳನ್ನು ಗಮನದಲ್ಲಿ ಇಟ್ಟುಕೊಂಡು ಮಾಡಿದ ಸಂಹಿತೆ ಅದು. ನಿಮ್ಮ ಸೈಟು ಸುಮಾರು 502 ಚದರ ಮೀಟರ್! ಗೋಡೆ, ಕಿಟಕಿಗಳಿಂದ ಬರುವ ಶಾಖವನ್ನು ಆರ್‌ಇಟಿವಿ ಎಂಬ ಒಂದೇ ಅಂಕಿಯಲ್ಲಿ ಅದು ಹೇಳುತ್ತದೆ. ನಮ್ಮಂಥ ಊರುಗಳಿಗೆ ಚದರ ಮೀಟರಿಗೆ 15 ವ್ಯಾಟ್ ಮಿತಿ. ಛಾವಣಿಯ ಯು-ವ್ಯಾಲ್ಯೂ 1.2 ಮೀರಬಾರದು. ಪರ್ಮಿಷನ್ ಕೊಡುವವರು ಕೇಳಲಿ ಬಿಡಲಿ, ನಿಮ್ಮ ಆರ್ಕಿಟೆಕ್ಟ್‌ಗೆ ಈ ಎರಡು ಅಂಕಿ ಕೇಳಿ. ಲೆಕ್ಕ ಹಾಕುವ ಟೂಲು ಉಚಿತವಾಗಿ ಸಿಗುತ್ತದೆ. ಸುಮ್ನೆ ಗ್ರೀನ್ ಬಿಲ್ಡಿಂಗ್ ಮಾಡಿಕೊಡ್ತೀವಿ ಅನ್ನುವವರು ಯಾರು, ನಿಜವಾಗಿ ಗೊತ್ತಿರುವವರು ಯಾರು ಅಂತ ಅಲ್ಲೇ ತಿಳಿಯುತ್ತದೆ.

ಇದು ಶ್ರೀಮಂತರ ಮನೆಗೆ ಮಾತ್ರ ಅಂದುಕೊಳ್ಳಬೇಡಿ. ಗುಜರಾತಿನ ರಾಜಕೋಟದಲ್ಲಿ ಬಡವರಿಗಾಗಿ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಸ್ಮಾರ್ಟ್ ಘರ್ 3 ಅಂತ 1,176 ಫ್ಲಾಟು ಕಟ್ಟಿದ್ದಾರೆ. ಭಾರತ ಮತ್ತು ಸ್ವಿಟ್ಜರ್ಲೆಂಡಿನ ಜಂಟಿ ಯೋಜನೆಯವರು ವಿನ್ಯಾಸಕ್ಕೆ ನೆರವಾದರು. ಅವರು ಮಾಡಿದ್ದೂ ಇದೇ: ಎಎಸಿ ಗೋಡೆ, ಒಂದು ಭಾಗಕ್ಕೆ ಮಾತ್ರ ಗಾಜಿರುವ, ಬಾಗಿಲಿನಂತೆ ತೆರೆಯುವ ಕಿಟಕಿ, ಡಕ್ಟಿನ ಮೂಲಕ ಗಾಳಿ ಮೇಲೆ ಹೋಗುವ ವ್ಯವಸ್ಥೆ. ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ, ಬಾಗಿಲಿನಂಥದ್ದು ಪೂರ್ತಿ. ನಿಮ್ಮಲ್ಲಿ ಬೇಸಿಗೆಯಲ್ಲೂ ರಾತ್ರಿ ಗಾಳಿ ತಣ್ಣಗಾಗುತ್ತದೆ, ಆಗ ಕಿಟಕಿ ಪೂರ್ತಿ ತೆಗೆಯಲು ಆಗಬೇಕು. ಸೊಳ್ಳೆ ಜಾಲರಿ ಮತ್ತು ಗಟ್ಟಿ ಗ್ರಿಲ್ ಇಲ್ಲದಿದ್ದರೆ ಯಾರೂ ತೆಗೆಯುವುದಿಲ್ಲ, ಅದನ್ನೂ ಬಜೆಟ್ಟಿನಲ್ಲಿ ಸೇರಿಸಿ. ನೆಲಕ್ಕೆ ಶಹಾಬಾದ್ ಕಲ್ಲು ಹಾಕಿಸಿದರೆ ಇನ್ನೂ ಒಳ್ಳೆಯದು, ಮನೆ ಹತ್ತಿರದ ಕಲ್ಲು, ತಂಪನ್ನೂ ಹಿಡಿದಿಡುತ್ತದೆ.

ಎಸಿ ಬಗ್ಗೆ ಒಂದೇ ಮಾತು. ಹೊರಗಿನ ಯೂನಿಟ್‌ಗಳನ್ನು ಕಿರಿದಾದ ಡಕ್ಟಿನಲ್ಲಿ ಒಂದರ ಮೇಲೊಂದು ಜೋಡಿಸಬೇಡಿ. ಕೆಳಗಿನ ಯೂನಿಟ್ಟಿನ ಬಿಸಿ ಗಾಳಿಯನ್ನೇ ಮೇಲಿನದು ಎಳೆದುಕೊಂಡು ಒದ್ದಾಡುತ್ತದೆ, 5 ಸ್ಟಾರ್ ಇದ್ದರೂ ಅಷ್ಟೆ. ಬಯಲಿಗೆ ತೆರೆದ ಕಡೆ ಸಣ್ಣ ಕಟ್ಟೆ ಬಿಡಿಸಿ. ಫ್ಯಾನ್ ಬಿಎಲ್‌ಡಿಸಿ (ಬ್ರಷ್ ಇಲ್ಲದ ಮೋಟಾರಿನದು) ತೆಗೆದುಕೊಳ್ಳಿ, ಹಳೆಯವು 75 ವ್ಯಾಟ್ ತಿಂದರೆ ಇವು 30ರ ಆಸುಪಾಸು.

ಈಗ ನೀರಿನ ವಿಷಯ. ಜನ ಇದನ್ನು ಕರೆಂಟ್ ಖರ್ಚು ಅಂತ ನೋಡುವುದೇ ಇಲ್ಲ. ಎಂಟು ಮನೆ, ಮನೆಗೆ ನಾಲ್ಕು ಜನ, ಒಬ್ಬರಿಗೆ ದಿನಕ್ಕೆ 135 ಲೀಟರ್: ಒಟ್ಟು 4,320 ಲೀಟರ್. ಇದನ್ನು ಸಂಪಿನಿಂದ 60 ಅಡಿ ಮೇಲಿನ ಟ್ಯಾಂಕಿಗೆ ಏರಿಸಲು, ಪಂಪು 40% ದಕ್ಷತೆಯಲ್ಲಿ ಓಡಿದರೂ, ದಿನಕ್ಕೆ ಅರ್ಧ ಯೂನಿಟ್ ಸಾಕು. ಅದೇ ನೀರನ್ನು ಬೋರಿನಲ್ಲಿ 500 ಅಡಿಯಿಂದ ಎತ್ತಲು ನಾಲ್ಕೂವರೆ ಯೂನಿಟ್ ಬೇಕು. ತಿಂಗಳಿಗೆ 130ಕ್ಕೂ ಜಾಸ್ತಿ. ಪಾಲಿಕೆ ನೀರು ಬಂದಷ್ಟನ್ನೂ ಹಿಡಿಯುವಷ್ಟು ದೊಡ್ಡ ಸಂಪು ಕಟ್ಟಿ. ಮಳೆ ನೀರನ್ನು ಪ್ರತ್ಯೇಕ ಟ್ಯಾಂಕಿಗೆ ಬಿಡಿ. ಮನೆಮನೆಗೆ ನೀರಿನ ಮೀಟರ್ ಹಾಕಿಸಿ, ಬಾಡಿಗೆ ಮನೆಗೂ. ನೀರು ಉಳಿದಷ್ಟು ಕರೆಂಟ್ ಉಳಿಯುತ್ತದೆ.

ಬಿಸಿನೀರಿಗೆ ಸೋಲಾರ್ ವಾಟರ್ ಹೀಟರ್ ಖಂಡಿತ ಹಾಕಿಸಿ. ಆದರೆ ಪೈಪಿನ ದಾರಿಯನ್ನು ನಕ್ಷೆಯಲ್ಲೇ ತೋರಿಸಿ. 20 ಮಿಲಿಮೀಟರ್ ಪೈಪಿನಲ್ಲಿ ಮೀಟರಿಗೆ ಸುಮಾರು ಮುನ್ನೂರು ಮಿಲಿಲೀಟರ್ ನೀರು ನಿಲ್ಲುತ್ತದೆ. ಕೆಳಗಿನ ಮನೆಗೆ 20 ಮೀಟರ್ ಪೈಪಾದರೆ, ಬಿಸಿ ಬರುವ ಮೊದಲು 6 ಲೀಟರ್ ತಣ್ಣೀರು ಮೋರಿಗೆ. ಆಗ ಕೆಳಗಿನವರು ಬೇಸತ್ತು ಗೀಸರ್ ಹಾಕಿಕೊಳ್ಳುತ್ತಾರೆ. ಬಾತ್‌ರೂಮುಗಳು ಒಂದರ ಕೆಳಗೊಂದು ಬರಲಿ, ಪೈಪಿಗೆ ಇನ್ಸುಲೇಷನ್ ಸುತ್ತಿಸಿ. ಬೋರಿನ ನೀರು ಗಡಸಾಗಿದ್ದರೆ ಹೀಟ್ ಎಕ್ಸ್‌ಚೇಂಜರ್ (ಬೋರಿನ ನೀರು ಪ್ಯಾನೆಲ್ಲಿನೊಳಗೆ ಹೋಗದೆ ಬೇರೆಯಾಗಿ ಕಾಯುವ ವ್ಯವಸ್ಥೆ) ಇರುವ ಹೀಟರ್ರೇ ಬೇಕು, ಇಲ್ಲದಿದ್ದರೆ ಸುಣ್ಣ ಕಟ್ಟುತ್ತದೆ.

ಕೊನೆಗೆ ನಿಮ್ಮ ಸೋಲಾರ್ ಪ್ರಶ್ನೆ. ಬೋರು, ಪಂಪು, ಲಿಫ್ಟು, ಮೆಟ್ಟಿಲು ಮತ್ತು ಪಾರ್ಕಿಂಗ್ ದೀಪ ಸೇರಿ ದಿನಕ್ಕೆ 10ರಿಂದ 12 ಯೂನಿಟ್ ಅಂದುಕೊಳ್ಳಿ. ಒಂದು ಕಿಲೋವ್ಯಾಟ್‌ನಿಂದ ದಿನಕ್ಕೆ ಸರಾಸರಿ 4 ಯೂನಿಟ್ ಸಿಗುತ್ತದೆ. ಅಂದರೆ ಕಾಮನ್ ಮೀಟರಿಗೆ 3 ಕಿಲೋವ್ಯಾಟ್ ಸಾಕು, ಅದಕ್ಕೆ ಸುಮಾರು 300 ಚದರ ಅಡಿ ಜಾಗ. ಗೃಹಜ್ಯೋತಿ ಇರುವುದು ಮನೆಯ ಮೀಟರಿಗೆ. ಕಾಮನ್ ಮೀಟರಿನ ಬಿಲ್ಲು ನೀವೇ ಕಟ್ಟಬೇಕು, ಆದ್ದರಿಂದ ಮೊದಲು ಸೋಲಾರ್ ಅಲ್ಲಿಗೇ ಬರಲಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಕ್ಕೆ ಕಾಮನ್ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನ ಇದೆ. ಒಂದೊಂದೇ ಮನೆಗೆ ಬೇರೆಯಾಗಿ ಹಾಕಿಸಿದರೆ 78,000ದವರೆಗೆ. ಸಂಘ ಮಾಡಿಕೊಳ್ಳಲು ಎಂಟು ಮನೆ ಆಗುವವರೆಗೆ ಕಾಯಬೇಡಿ, ಕಾಗದಪತ್ರ ಈಗಲೇ ಶುರು ಮಾಡಿ.

ಟೆರೇಸಿನ ಉಳಿದ ಜಾಗವನ್ನು ಯಾರಿಗೆ ಎಷ್ಟು ಅಂತ ಈಗಲೇ ಪಾಲು ಪತ್ರದಲ್ಲಿ ಬರೆಸಿ. ಇವತ್ತು ಯಾರಿಗೂ ಬೇಡದ ಜಾಗಕ್ಕೆ ಐದು ವರ್ಷದ ಮೇಲೆ ಅಣ್ಣತಮ್ಮಂದಿರಲ್ಲೇ ಮನಸ್ತಾಪ ಬರುತ್ತದೆ. ಟ್ಯಾಂಕು ಮತ್ತು ಮೆಟ್ಟಿಲಿನ ಕೋಣೆಯನ್ನು ಟೆರೇಸಿನ ಉತ್ತರದ ಅಂಚಿಗೆ ಹಾಕಿದರೆ ವರ್ಷದ ಬಹುಕಾಲ ಪ್ಯಾನೆಲ್ ಮೇಲೆ ಅದರ ನೆರಳು ಬೀಳುವುದಿಲ್ಲ. ಪ್ರತಿ ಮನೆಯ ಮೀಟರ್ ಬೋರ್ಡಿನಿಂದ ಟೆರೇಸಿಗೆ ಒಂದೊಂದು ಖಾಲಿ ಪೈಪು ಬಿಡಿಸಿ. ಗಾಡಿ ಚಾರ್ಜಿಂಗಿಗೆ ಪಾರ್ಕಿಂಗಿಗೂ ಹಾಗೆಯೇ.

ಉತ್ತರ ದಿಕ್ಕು ಗುರುತು ಮಾಡಿದ ನಕ್ಷೆ ಮತ್ತು ಪಕ್ಕದ ಕಟ್ಟಡಗಳು ಎಷ್ಟು ಮಹಡಿ ಎಂಬುದನ್ನು ಇಲ್ಲಿ ಹಾಕಿ. ಪಶ್ಚಿಮದ ಯಾವ ಕಿಟಕಿಗೆ ಏನು ನೆರಳು ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.