ಸುವಾರ್ತೆಗಳು ಇತಿಹಾಸಕ್ಕೆ ಆಧಾರವಾಗುತ್ತವೆಯೇ?

ಪ್ರಶ್ನೆ: ಯೇಸು ಹುಟ್ಟಿದ್ದು ಯೂದಾಯದ ರಾಜ ಹೆರೋದನ ಕಾಲದಲ್ಲಿ ಎನ್ನುತ್ತಾನೆ ಮತ್ತಾಯ, ಸಿರಿಯದ ರೋಮನ್ ಅಧಿಪತಿ ಕುರೇನ್ಯನ ಜನಗಣತಿಯ ವೇಳೆ ಎನ್ನುತ್ತಾನೆ ಲೂಕ. ಎರಡೂ ಹೊಂದುತ್ತವೆಯೇ? ಹೊಂದದಿದ್ದರೆ ಯೇಸುವಿನ ಜೀವನ ಹೇಳುವ ಇವರ ಸುವಾರ್ತೆಗಳನ್ನು ನಂಬುವುದು ಹೇಗೆ?
– ಓದುಗರು, ವಿರಾಜಪೇಟೆ

ಉತ್ತರ: ಹೊಂದುವುದಿಲ್ಲ. ಹೆರೋದ ತೀರಿಕೊಂಡದ್ದು ಕ್ರಿ.ಪೂ. 4ರಲ್ಲಿ ಎಂಬುದು ಹೆಚ್ಚಿನ ವಿದ್ವಾಂಸರ ಲೆಕ್ಕ. ಯೆಹೂದಿ ಇತಿಹಾಸಕಾರ ಜೋಸೆಫಸ್ ಹೇಳುವ ಕುರೇನ್ಯನ ಗಣತಿ ಕ್ರಿ.ಶ. 6ರದು. ಅದಕ್ಕೂ ಮೊದಲು ಕುರೇನ್ಯನೇ ಇನ್ನೊಂದು ಗಣತಿ ನಡೆಸಿದ್ದನೆಂಬ ವಾದಕ್ಕೆ ಗಟ್ಟಿ ದಾಖಲೆಯಿಲ್ಲ.

ಹಾಗೆಂದು ಇಡೀ ಗ್ರಂಥವನ್ನೇ ತಳ್ಳಿಹಾಕುವುದು ಅನ್ಯಾಯ. ಒಂದೊಂದು ಹೇಳಿಕೆಯನ್ನೂ ಬೇರೆಬೇರೆಯಾಗಿ ತೂಗಬೇಕು. ಲೂಕನದೇ ಎನ್ನಲಾಗುವ ಇನ್ನೊಂದು ಗ್ರಂಥ ‘ಅಪೊಸ್ತಲರ ಕೃತ್ಯಗಳು’; ಅದರ 18ನೇ ಅಧ್ಯಾಯದಲ್ಲಿ ಕ್ರೈಸ್ತ ಪ್ರಚಾರಕ ಪೌಲನನ್ನು ಗ್ರೀಸಿನ ಅಖಾಯ ಪ್ರಾಂತ್ಯದ ರೋಮನ್ ಅಧಿಪತಿ ಗಲ್ಲಿಯೋನನ ಮುಂದೆ ನಿಲ್ಲಿಸುತ್ತಾರೆ. ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕ ಶಾಸನವೂ ಇದೇ ಅಧಿಕಾರಿಯನ್ನು ಹೆಸರಿಸುತ್ತದೆ. ಅದರಿಂದ ಅವನ ಆಡಳಿತ ಕ್ರಿ.ಶ. 51ರ ಆಸುಪಾಸು ಎಂದು ತಿಳಿಯುತ್ತದೆ. ಪೌಲನ ಜೀವನದ ಕಾಲಗಣನೆಗೆ ಇಷ್ಟು ಒಳ್ಳೆಯ ಆಸರೆ ಬೇರೊಂದಿಲ್ಲ. 1961ರಲ್ಲಿ ಕೈಸರೈಯ ಎಂಬ ಪ್ರಾಚೀನ ಪಟ್ಟಣದಲ್ಲಿ, ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಪತಿ ಪಿಲಾತನ ಹೆಸರಿರುವ ಕಲ್ಲೂ ಸಿಕ್ಕಿತು. ಆದರೆ ಅದು ಪಿಲಾತನಿದ್ದದ್ದನ್ನು ತೋರಿಸುತ್ತದೆಯೇ ಹೊರತು ಯೇಸುವಿನ ವಿಚಾರಣೆಯಲ್ಲಿ ನಡೆದ ಮಾತುಗಳನ್ನಲ್ಲ. ಯೇಸುವಿನ ಮರಣದಂಡನೆಗೆ ರೋಮನ್ ಇತಿಹಾಸಕಾರ ಟಾಸಿಟಸ್‌ನ ಬರಹ ಹೊರಗಿನ ಸಾಕ್ಷಿ.

ಸಾಕ್ಷಿಗಳನ್ನು ಎಣಿಸುವಾಗಲೇ ಹೆಚ್ಚು ಜನ ಎಡವುವುದು. ಮತ್ತಾಯ, ಲೂಕ ಇಬ್ಬರೂ ಇನ್ನೊಬ್ಬ ಸುವಾರ್ತೆಗಾರ ಮಾರ್ಕನ ಬರಹವನ್ನು ಬಳಸಿಕೊಂಡಿದ್ದಾರೆಂಬುದು ಬಹುತೇಕ ವಿದ್ವಾಂಸರ ನಿಲುವು. ಮೂವರಲ್ಲೂ ಒಂದೇ ವಾಕ್ಯವಿದ್ದರೆ ಅದನ್ನು ಒಂದೇ ಸಾಕ್ಷಿಯೆಂದು ಲೆಕ್ಕ ಹಿಡಿಯಿರಿ.